ಪ್ರಾಣಿ ಕಾಯುವವನ ಪಗಾರ ಯಾರ ಲೆಕ್ಕದಲ್ಲಿ?

2025ರ ನವೆಂಬರದಲ್ಲಿ ಬೆಳಗಾವಿ ಹತ್ತಿರದ ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚೆನ್ನಮ್ಮ ಮೃಗಾಲಯದಲ್ಲಿ ಕೆಲವೇ ದಿನಗಳೊಳಗೆ 31 ಕೃಷ್ಣಮೃಗಗಳು ಸತ್ತವು. ನಮ್ಮ ಕಡೆ ಚಿಗರಿ ಎನ್ನುವುದು ಇವಕ್ಕೇ. ತಗುಲಿದ್ದು ಗಳಲೆ ರೋಗ. ತಿಕೋಟಾ, ಬಬಲೇಶ್ವರದ ರೈತನಿಗೆ ಈ ಹೆಸರು ಹೊಸದಲ್ಲ. ಜ್ವರ ಏರುತ್ತದೆ, ಗಂಟಲು ಬಾಯುತ್ತದೆ, ಜೊಲ್ಲು ಸುರಿಯುತ್ತದೆ. ಒಂದು ಹಗಲು ರಾತ್ರಿಯೊಳಗೆ ಎಮ್ಮೆ ನೆಲಕ್ಕೊರಗುತ್ತದೆ. ಮಳೆಗಾಲಕ್ಕೆ ಮೊದಲು ದನದ ದವಾಖಾನೆಯವರು ಲಸಿಕೆ ಹಾಕುವುದು ಇದಕ್ಕಾಗಿಯೇ.

ಅರಣ್ಯ ಸಚಿವರು ತನಿಖೆಗೆ ಆಜ್ಞೆ ಮಾಡಿದರು. ಒಳ್ಳೆಯದೇ. ಆದರೆ ನಮ್ಮ ಪ್ರಶ್ನೆ ಒಂದು ಮೃಗಾಲಯದ್ದಲ್ಲ. ಚಿಗರಿಗೆ ಎತ್ತಿನಂತೆ ಮೂಗುದಾರ ಹಿಡಿದು ಸೂಜಿ ಚುಚ್ಚಲು ಬರುವುದಿಲ್ಲ. ಬೆನ್ನಟ್ಟಿ ಹಿಡಿದರೆ ಆ ಅಂಜಿಕೆಗೇ ಪ್ರಾಣ ಬಿಟ್ಟೀತು. ಹಾಗಾದರೆ ಹಿಂಡಿನಲ್ಲಿ ಒಂದು ಮೇವು ಬಿಟ್ಟು ಮೂಲೆಯಲ್ಲಿ ನಿಂತದ್ದನ್ನು ಮೊದಲು ಕಾಣುವವನು ಯಾರು? ಸಚಿವರಲ್ಲ, ವೈದ್ಯರೂ ಅಲ್ಲ. ದಿನಾ ಹಿಕ್ಕೆ ಗುಡಿಸಿ, ನೀರು ತುಂಬಿ, ತಲೆ ಎಣಿಸುವ ಪ್ರಾಣಿಪಾಲಕ. ಎಲ್ಲರಿಗಿಂತ ಕಡಿಮೆ ಪಗಾರ ಇವನದೇ. ನಮ್ಮ ರಾಜ್ಯದ ಮೃಗಾಲಯಗಳಲ್ಲಿ ಈ ಕೆಲಸಕ್ಕೆ ದಿನಗೂಲಿಯವರನ್ನೂ ಹೊರಗುತ್ತಿಗೆಯವರನ್ನೂ ಹಚ್ಚುವ ರೂಢಿ ಉಂಟು. ಗುತ್ತೇದಾರ ಬದಲಾದರೆ ಆಳೂ ಬದಲು!

ಗಿರಣಿ ಬಂಧುಗಳೇ, ಯಂತ್ರದ ಸಪ್ಪಳ ಕೆಟ್ಟದ್ದು ಮೊದಲು ಯಾರ ಕಿವಿಗೆ ಬೀಳುತ್ತದೆ? ಅಂಗಡಿಕಾರರೇ, ಮೂರು ತಿಂಗಳಿಗೊಬ್ಬ ಹೊಸ ಆಳಿನ ಕೈಗೆ ಗಲ್ಲೆಯ ಕೀಲಿ ಕೊಡುತ್ತೀರಾ? ಹುಲಿಯ ಬೋನಿನ ಕೀಲಿಗೆ ಮಾತ್ರ ಬೇರೆ ನ್ಯಾಯವೇಕೆ? 2017ರ ಅಕ್ಟೋಬರದಲ್ಲಿ ಬನ್ನೇರುಘಟ್ಟದಲ್ಲಿ ಎಳೆಯ ಬಿಳಿ ಹುಲಿಗಳು ಒಬ್ಬ ಪಾಲಕನನ್ನು ಕೊಂದವು. ಆತ ಆ ಕೆಲಸಕ್ಕೆ ಹೊಸಬ.

ಹಣವಿಲ್ಲ ಎನ್ನುತ್ತಾರೆ. ಮೃಗಾಲಯಗಳು ಬಹುಮಟ್ಟಿಗೆ ಟಿಕೀಟಿನ ಹಣದ ಮೇಲೆ ನಡೆಯುತ್ತವೆಂಬುದು ನಿಜ. 2020ರಲ್ಲಿ ಕೊರೋನಾದಿಂದ ಬಾಗಿಲು ಮುಚ್ಚಿದಾಗ, 1892ರಲ್ಲಿ ಹುಟ್ಟಿದ ಮೈಸೂರಿನ ಮೃಗಾಲಯವೂ ದಾನಿಗಳ ಮುಂದೆ ಕೈಯೊಡ್ಡಿತು. ಮರುವರ್ಷ ಚಿತ್ರನಟ ದರ್ಶನ್ ಕರೆ ಕೊಟ್ಟ ಮೇಲೆ ಜನ ಪ್ರಾಣಿಗಳನ್ನು ದತ್ತು ಪಡೆದರು. ಅವರ ಅಂತಃಕರಣಕ್ಕೆ ನಮ್ಮ ನಮಸ್ಕಾರ. ಹುಲಿಗೆ ದತ್ತು ತಂದೆ ಸಿಕ್ಕ; ಹುಲಿಗೆ ಮಾಂಸ ಹಾಕುವವನ ಮಕ್ಕಳಿಗೆ? ವನ್ಯಪ್ರಾಣಿ ಸರಕಾರದ ಸ್ವತ್ತು ಎಂದು ಕಾಯಿದೆ ಹೇಳುತ್ತದೆ. ಸ್ವತ್ತು ಸರಕಾರದ್ದಾದರೆ ಅದನ್ನು ಕಾಯುವವನ ಪಗಾರವೂ ಸರಕಾರದ ಖಜಾನೆಯಿಂದ ಬರಲಿ.

ಇನ್ನು ಕೆಲವು ದೊಡ್ಡವರು, ಇದು ಪ್ರೀತಿಯಿಂದ ಮಾಡುವ ಸೇವೆ, ಇಲ್ಲಿ ರೂಪಾಯಿ ಎಣಿಸಬಾರದು ಎಂದು ಉಪದೇಶಿಸುತ್ತಾರೆ. ಮಾಸ್ತರಿಕೆ ಮಾಡಿ ಬಂದ ನಮಗೆ ಈ ರಾಗ ಬಹಳ ಪರಿಚಯದ್ದು. ಕಡಿಮೆ ಕೊಡಬೇಕೆಂದಾಗಲೆಲ್ಲ ಕೆಲಸ ಪವಿತ್ರವಾಗುತ್ತದೆ. ಪ್ರೀತಿ ಇಲ್ಲದವನು ಆ ನಾತದಲ್ಲಿ ವಾರ ನಿಲ್ಲಲಾರ. ಅದನ್ನು ನಾವೂ ಬಲ್ಲೆವು. ಪ್ರೀತಿಯನ್ನು ಅಂಗಡಿಯಲ್ಲಿ ಕೊಟ್ಟು ಜೋಳ ತರಲಾಗುವುದಿಲ್ಲ.

ಪಾಲಕರಿಗೆ ಖಾಯಂ ನೇಮಕ ಬೇಕು. ಪಿ.ಎಫ್., ಇ.ಎಸ್.ಐ., ಹುಚ್ಚುನಾಯಿ ರೋಗದ ಚುಚ್ಚುಮದ್ದು, ಗಾಯವಾದರೆ ಪರಿಹಾರ ಬೇಕು. ಮುಖ್ಯವಾಗಿ, ಪಾಲಕ ಕಂಡದ್ದನ್ನು ಬರೆಯಲು ಒಂದು ವಹಿ ಇರಲಿ. ವೈದ್ಯರು ಅದನ್ನು ದಿನಾ ಓದಿ ರುಜು ಹಾಕಲಿ.

ಬೇಸಿಗೆ ರಜೆಗೆ ವಿಜಯಪುರದಿಂದ ಭೂತರಾಮನಹಟ್ಟಿಗೋ ಗದಗಿನ ಬಿಂಕದಕಟ್ಟಿಗೋ ಮಕ್ಕಳನ್ನು ಕರೆದೊಯ್ಯುವವರು ನಿಮ್ಮಲ್ಲಿ ಎಷ್ಟೋ ಜನ. ಹುಲಿಯ ವಯಸ್ಸು ಕೇಳಿದ ಮೇಲೆ, ಪಕ್ಕದಲ್ಲಿ ನಿಂತ ಪಾಲಕನಿಗೆ ಈ ತಿಂಗಳ ಪಗಾರ ಆಯಿತೇ ಎಂದೂ ಕೇಳಿರಿ. ಉತ್ತರವನ್ನು ನಮಗೆ ಬರೆದು ಕಳಿಸಿರಿ.