ದಾಂಪತ್ಯ, ಧರ್ಮ ಮತ್ತು ಸಂತಾನಮಿತಿ

ದಂಪತಿಗಳು ಸಂತಾನವನ್ನು ಮಿತಗೊಳಿಸಬಹುದೇ ಎಂಬ ಪ್ರಶ್ನೆಗೆ ಕ್ರೈಸ್ತ ಸಭೆಗಳ ಉತ್ತರ ಒಂದೇ ಆಗಿಲ್ಲ. 1930ರಲ್ಲಿ ಆಂಗ್ಲಿಕನ್ ಬಿಷಪ್ಪರ ಲ್ಯಾಂಬೆತ್ ಸಮ್ಮೇಳನವು, ನೈತಿಕ ಕಾರಣವಿದ್ದಲ್ಲಿ ಗರ್ಭನಿರೋಧ ಸಾಧನಗಳಿಗೆ ಸಮ್ಮತಿಯಿತ್ತಿತು. ಅದೇ ವರ್ಷಾಂತ್ಯದಲ್ಲಿ ಕಥೋಲಿಕರ ಪೋಪ್ ಹನ್ನೊಂದನೆಯ ಪಯಸ್ ಅವು ಪಾಪವೆಂದು ಸಾರಿದರು. 1968ರಲ್ಲಿ ಪೋಪ್ ಆರನೆಯ ಪೌಲರು ಆ ನಿಷೇಧವನ್ನು ಎತ್ತಿಹಿಡಿದರಾದರೂ, ಗಂಭೀರ ಕಾರಣವಿದ್ದರೆ ಋತುಚಕ್ರದ ಫಲರಹಿತ ದಿನಗಳನ್ನು ಆಶ್ರಯಿಸಲು ಅನುಮತಿಯಿತ್ತರು. ಮಾರ್ಗ ಬೇರೆಯಾದರೂ, ಹೊಣೆಯರಿತು ಮಕ್ಕಳನ್ನು ಪಡೆಯಬೇಕೆಂಬ ತತ್ತ್ವ ಉಭಯರಿಗೂ ಸಮ್ಮತವೇ.

ಆದರೆ ಸಂಯಮವಾಗಲಿ, ಸಾಧನವಾಗಲಿ, ಅದರ ಭಾರವನ್ನೆಲ್ಲ ಪತ್ನಿಯೊಬ್ಬಳ ಮೇಲೆ ಹೊರಿಸುವುದು ಧರ್ಮವೆನಿಸದು. ದಿನಗಣನೆಯ ಮಾರ್ಗವಂತೂ ಪತಿಯ ಸಹಕಾರವಿಲ್ಲದೆ ಸಾಗದು. ಮೇಲಿಂದ ಮೇಲೆ ಬಸಿರಾಗಿ ರಕ್ತಹೀನತೆಯಿಂದ ಬಳಲುವ ತಾಯಿಯ ಜೀವವೂ ದೇವರ ದಾನವೇ ಅಲ್ಲವೇ? ಸಲಹೆಗೆ ಗುರುಗಳೂ ಇರಲಿ, ವೈದ್ಯರೂ ಇರಲಿ. ನಿರ್ಧಾರ ಮಾತ್ರ ಇಬ್ಬರದೂ ಆಗಿರಲಿ.