ಸಂಸಾರ ಮುರಿದ ಮೇಲೆ ಬರುವ ಸರ್ಕಾರ

ಮಷೀನು ಕೆಟ್ಟು ನಿಂತ ಮೇಲೆ ರಿಪೇರಿ ಮಾಡೋದಕ್ಕಿಂತ ಅದರ ಸದ್ದು ಬದಲಾದಾಗಲೇ ಬಿಚ್ಚಿ ನೋಡೋದು ಅಗ್ಗ. ಇಂಜಿನಿಯರಿಂಗ್ ಓದಿದ್ದರಲ್ಲಿ ನನಗೆ ಇವತ್ತಿಗೂ ನೆನಪಿರುವ ಕೆಲವೇ ಪಾಠಗಳಲ್ಲಿ ಇದೂ ಒಂದು. ಸಂಸಾರ ಮಷೀನಲ್ಲ, ನಿಜ. ಆದರೆ ಸಂಸಾರದ ವಿಷಯದಲ್ಲಿ ನಮ್ಮ ಸರ್ಕಾರಗಳು ಖರ್ಚು ಮಾಡುವ ರೀತಿ ನೋಡಿದರೆ ಈ ಪಾಠ ಯಾರಿಗೂ ತಲುಪಿದಂತಿಲ್ಲ.

ಗಂಡ ಹೆಂಡತಿ ನಡುವಿನ ಸಮಸ್ಯೆ ಸರ್ಕಾರದ ಕಣ್ಣಿಗೆ ಬೀಳುವುದು ಯಾವಾಗ? ಹೊಡೆತ ಬಿದ್ದಾಗ, ಇಲ್ಲವೇ ಡೈವೋರ್ಸ್ ಅರ್ಜಿ ಬಿದ್ದಾಗ. ನಿರ್ಭಯಾ ನಿಧಿಯಿಂದ 2015ರಲ್ಲಿ ಶುರುವಾದ ಸಖಿ ಕೇಂದ್ರಗಳು ಇರುವುದು ಹಿಂಸೆಗೆ ಒಳಗಾದ ಹೆಣ್ಣುಮಕ್ಕಳಿಗಾಗಿ. ಅವು ಬೇಕೇ ಬೇಕು. 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಕೋರ್ಟು ಮೊದಲು ರಾಜಿಗೆ ಪ್ರಯತ್ನಿಸಬೇಕು. ಆದರೆ ಅಷ್ಟರಲ್ಲಿ ಇಬ್ಬರೂ ಲಾಯರ್ ಹಿಡಿದು, ಪರಸ್ಪರ ಆರೋಪ ಹೊರಿಸಿ ಆಗಿರುತ್ತದೆ.

ಅದಕ್ಕೂ ಮುಂಚೆ ಇರುವುದು ಹಿರಿಯರ ಪಂಚಾಯ್ತಿ. ಅಲ್ಲಿ ಸಿಗುವ ಸಲಹೆ ನಮಗೆಲ್ಲ ಬಾಯಿಪಾಠ: 'ಸ್ವಲ್ಪ ಅನುಸರಿಸಿಕೊಂಡು ಹೋಗಮ್ಮ.' ಬೆಂಗಳೂರಿನಲ್ಲಿ ಒಳ್ಳೆ ಸಂಬಳ ಇರುವ ಜೋಡಿ ದುಡ್ಡು ಕೊಟ್ಟು ಥೆರಪಿಸ್ಟ್ ಹತ್ತಿರ ಹೋಗುತ್ತದೆ. ಸಿಂಧನೂರಿನ ಜೋಡಿ ಎಲ್ಲಿಗೆ ಹೋಗಬೇಕು?

ಇದಕ್ಕೆ ಹತ್ತಿರದ ಉತ್ತರವೊಂದು ಕರ್ನಾಟಕದಲ್ಲಿ ಇತ್ತು. ಸಂಕಷ್ಟದಲ್ಲಿರುವ ಮಹಿಳೆಯರಿಗಾಗಿ 2000-01ರಲ್ಲಿ ಆರಂಭವಾದ ಸಾಂತ್ವನ ಕೇಂದ್ರಗಳು ತಾಲ್ಲೂಕುಗಳಿಗೂ ತಲುಪಿದ್ದವು. ಸ್ವಯಂಸೇವಾ ಸಂಸ್ಥೆಗಳು ನಡೆಸುವ ಇವುಗಳಲ್ಲಿ ಕೌನ್ಸೆಲಿಂಗ್ ಮುಖ್ಯ ಕೆಲಸ. ಆದರೆ 2021ರಲ್ಲಿ, ಸಖಿ ಕೇಂದ್ರಗಳು ಇವೆಯಲ್ಲ ಎಂಬ ಕಾರಣ ಮುಂದಿಟ್ಟು, ಸರ್ಕಾರ ಹಲವು ಸಾಂತ್ವನ ಕೇಂದ್ರಗಳನ್ನು ಮುಚ್ಚಲು ಹೊರಟಿತು. ಫೈಲಿನಲ್ಲಿ ಎರಡೂ ಒಂದೇ ಥರ ಕಾಣಬಹುದು. ಆದರೆ ಮನೆಯಲ್ಲಿ ಹೇಳದೆ ಹೊರಬಂದ ಹೆಣ್ಣುಮಗಳಿಗೆ ಸಂಜೆಯೊಳಗೆ ವಾಪಸ್ ಬರಲಾಗುವ ತಾಲ್ಲೂಕು ಕೇಂದ್ರ ಬೇರೆ, ಜಿಲ್ಲಾ ಕೇಂದ್ರ ಬೇರೆ.

ಹಾಗಂತ ಕೌನ್ಸೆಲಿಂಗ್‌ಗೆ ದುಡ್ಡು ಸುರಿದರೆ ಸಾಕಾ? ಇಲ್ಲ. ಎನ್‌ಎಫ್‌ಎಚ್‌ಎಸ್-5 ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವಯಸ್ಸಿನ ವಿವಾಹಿತ ಮಹಿಳೆಯರಲ್ಲಿ ಶೇ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ಇಂಥ ರಾಜ್ಯದಲ್ಲಿ ತರಬೇತಿಯಿಲ್ಲದ ಕೌನ್ಸೆಲರ್ ಅಂದರೆ ಸರ್ಕಾರಿ ಸಂಬಳದ ಪಂಚಾಯ್ತಿ ಹಿರಿಯ. ಆಕೆಯನ್ನು ಪ್ರತ್ಯೇಕವಾಗಿ ಕೂರಿಸಿ 'ಮನೆಗೆ ಹೋಗೋಕೆ ಭಯ ಆಗುತ್ತಾ?' ಅಂತ ಕೇಳುವುದು ಮೊದಲ ಕೆಲಸವಾಗಬೇಕು. ಹೌದು ಅಂದರೆ ಅಲ್ಲಿ ರಾಜಿ ಮಾತು ಮುಗಿಯಿತು, ಕಾನೂನು ಶುರು. ದುಡ್ಡು, ಸಾಲ, ಕುಡಿತ, ಅತ್ತೆ ಮನೆ ಅಂತ ಜಗಳ ನಿಂತಿರುವ ಕಡೆ ಇಬ್ಬರನ್ನೂ ಕೂರಿಸಬಹುದು. ಈ ವ್ಯತ್ಯಾಸ ಗುರುತಿಸುವುದು ಒಂದು ಕೌಶಲ. ಗೌರವಧನದ ಮೇಲೆ, ಮುಂದಿನ ವರ್ಷ ಕೇಂದ್ರ ಇರುತ್ತೋ ಇಲ್ಲವೋ ಅನ್ನುವ ಆತಂಕದಲ್ಲಿ ದುಡಿಯುವವರಿಂದ ಅದನ್ನು ನಿರೀಕ್ಷಿಸುವುದು ಅನ್ಯಾಯ.

ದುಡ್ಡು ಹೇಗೆ ಖರ್ಚಾಗಬೇಕು ಅನ್ನುವುದಕ್ಕೆ ಆಸ್ಟ್ರೇಲಿಯಾದಲ್ಲಿ ಒಂದು ಪಾಠ ಇದೆ. 2014ರಲ್ಲಿ ಅಲ್ಲಿನ ಸರ್ಕಾರ ಒಂದು ಲಕ್ಷ ಜೋಡಿಗಳಿಗೆ ಕೌನ್ಸೆಲಿಂಗ್‌ಗಾಗಿ ತಲಾ 200 ಡಾಲರ್ ವೋಚರ್ ಕೊಡಲು ಹೊರಟಿತು. ನಿರೀಕ್ಷಿಸಿದಷ್ಟು ಜನ ಬರಲಿಲ್ಲ, ಮರುವರ್ಷವೇ ಯೋಜನೆ ಕೈಬಿಟ್ಟರು. ಅದೇ ದೇಶದಲ್ಲಿ 2006ರಿಂದ ತೆರೆದ 65 ಕುಟುಂಬ ಸಂಬಂಧ ಕೇಂದ್ರಗಳು ಮಾತ್ರ ಉಳಿದುಕೊಂಡವು. ಕೂಪನ್ ಹಂಚುವುದು ಸುಲಭ. ಜನಕ್ಕೆ ಬೇಕಿರುವುದು ಬಾಗಿಲು ತೆರೆದಿರುವ ಒಂದು ಜಾಗ, ಅಲ್ಲಿ ಕೂತಿರುವ ಒಬ್ಬ ಮನುಷ್ಯ.

ನಮ್ಮ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಗೃಹಲಕ್ಷ್ಮಿಗೆ ವರ್ಷಕ್ಕೆ 28 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಇಡುತ್ತದೆ. ಅದರ ಮೇಲೆ ನನಗೆ ತಕರಾರಿಲ್ಲ. ಕೈಯಲ್ಲಿ ಸ್ವಂತ ದುಡ್ಡಿರುವ ಹೆಣ್ಣು ಬೇಡದ ಮದುವೆಯಿಂದ ಹೊರಬರುವ ಧೈರ್ಯವನ್ನೂ ಮಾಡಬಲ್ಲಳು. ಆದರೆ ಅದರ ಒಂದು ಚೂರು ಸಾಕು, ಪ್ರತಿ ತಾಲ್ಲೂಕಿಗೂ ತರಬೇತಿ ಪಡೆದ, ಖಾಯಂ ಸಂಬಳದ ಇಬ್ಬರು ಕೌನ್ಸೆಲರ್‌ಗಳನ್ನು ಕೂರಿಸಲು. ಗಂಡಸರೂ ಒಳಗೆ ಬಂದು ಮಾತಾಡುವಂಥ ಜಾಗ ಅದಾಗಬೇಕು.

ಮುಂದಿನ ಬಜೆಟ್ ದಿನ ಗ್ಯಾರಂಟಿಗಳ ಬಗ್ಗೆ ಟ್ವಿಟರ್‌ನಲ್ಲಿ ಜಗಳ ಆಡೋದು ಇದ್ದೇ ಇದೆ. ಅದರ ನಡುವೆ ಈ ಸಣ್ಣ ಸಾಲನ್ನೂ ಹುಡುಕಿ. ಕಾಣದಿದ್ದರೆ ನಿಮ್ಮ ಶಾಸಕರನ್ನು ಕೇಳಿ.