ಮಲ್ಲಿಗೆ ಮೇಲೋ, ಸುಗಂಧರಾಜ ಮೇಲೋ?

ಸಿನಿಮಾದವರನ್ನ ಕೇಳಿದ್ರೆ ಬಿಳಿ ಹೂವಿಗೆ ಎರಡೇ ಕೆಲಸ. ಮೊದಲ ರಾತ್ರಿ ಮಂಚದ ಸುತ್ತ ಇಳಿಬಿಡೋದು, ಇಲ್ಲವೇ ಗಂಡ ಸತ್ತ ಸುದ್ದಿ ಬಂದ ಕೂಡಲೇ ನಾಯಕಿಯ ಮುಡಿಯಿಂದ ಕಿತ್ತೆಸೆಯೋದು! ಮುಡಿಯಲ್ಲಿರೋದು ಮಲ್ಲಿಗೆ, ಗೋಡೆಯ ಫೋಟೋಕ್ಕೆ ಬೀಳೋ ಹಾರ ಸುಗಂಧರಾಜನದು. ಪಾತ್ರ ಹಂಚಿಕೆ ಮೊದಲೇ ಆಗಿಹೋಗಿದೆ ಸ್ವಾಮೀ.

ಮೆಕ್ಸಿಕೋದಿಂದ ಬಂದ ಈ ಸುಗಂಧರಾಜನಿಗೆ 1974ರಲ್ಲಿ ನಾಯಕನ ಪಟ್ಟ ಕಟ್ಟಿದವರು ಬಾಸು ಚಟರ್ಜಿ. ಅವರ ‘ರಜನೀಗಂಧಾ’ ಅಂದ್ರೆ ಇದೇ ಹೂವು. ಹೇಳಿದ ಹೊತ್ತಿಗೆ ಬಾರದ ಅಮೋಲ್ ಪಾಲೇಕರ್ ಅದನ್ನ ಹಿಡಿದು ಬಂದರೆ ವಿದ್ಯಾ ಸಿನ್ಹಾ ಕೋಪವೆಲ್ಲ ಮಾಯ! ನಮ್ಮ ನಾಗಾಭರಣರು 1992ರಲ್ಲಿ ‘ಮೈಸೂರ ಮಲ್ಲಿಗೆ’ ತೆಗೆದು ನಮ್ಮ ಹೂವಿನ ಮಾನ ಉಳಿಸಿದರು.

ಬಾತಿ ದರ್ಗಾದ ಉರುಸಿನಲ್ಲಿ ಪೆಟ್ಟಿಗೆ ಹರವಿಕೊಂಡು ಕೂತವನ ಹತ್ತಿರ ಎರಡರ ಅತ್ತರನ್ನೂ ಕೊಂಡೆ. ಕಿರುಬೆರಳಷ್ಟು ಸೀಸೆಗಳು. ಹೂವಿನಿಂದ ಇಳಿಸಿದ್ದೇ ಅಂತ ಮಾತ್ರ ಕೇಳಬೇಡಿ. ಒಂದು ಕಿಲೋ ಅಸಲಿ ಮಲ್ಲಿಗೆ ಸಾರಕ್ಕೆ ನೂರಾರು ಕಿಲೋ ಹೂ ಬೇಕು; ನನ್ನ ಜೇಬಿಗೆ ಎಟುಕೋದು ಪ್ರಯೋಗಶಾಲೆಯ ಮಲ್ಲಿಗೆಯೇ. ಆದ್ರೂ ಬೆರೆಸಿದವನ ಮೂಗು ಭಲೇ ಚೊಕ್ಕ.

ಎಡಗೈಗೆ ಮಲ್ಲಿಗೆ, ಬಲಗೈಗೆ ಸುಗಂಧರಾಜ ಹಚ್ಚಿ ಹರಿಹರದ ಬಸ್ಸು ಹತ್ತಿದೆ. ಮಲ್ಲಿಗೆ ಮೊದಲಿಂದಲೇ ಹಸಿಹಸಿ, ಹಡಗಲಿ ಮೊಗ್ಗನ್ನ ಒದ್ದೆ ಬಟ್ಟೆಯಿಂದ ಆಗತಾನೆ ಬಿಚ್ಚಿದ ಹಾಗೆ. ಸುಗಂಧರಾಜ ಹಚ್ಚಿದ ಕೂಡಲೇ ನೋವಿನ ಮುಲಾಮು! ನಗಬೇಡಿ, ಮುಲಾಮಿಗೆ ಹಾಕೋ ಮೀಥೈಲ್ ಸ್ಯಾಲಿಸಿಲೇಟ್ ಆ ಹೂವಿನಲ್ಲೇ ಇದೆ. ಹತ್ತು ನಿಮಿಷ ತಾಳಿದರೆ ಬೆಣ್ಣೆ ಕಾಸಿದಂಥ ದಪ್ಪ ಸಿಹಿ. ಎರಡು ಹೂವಿನಲ್ಲೂ ಇಂಡೋಲ್ ಅನ್ನೋದು ಚೂರಿದೆ. ಹೆಚ್ಚಾದರೆ ಹೇಸಿಗೆ ನಾತ, ಹದವಾಗಿದ್ದರೆ ಮತ್ತು. ಹರಿಹರ ಬರುವಷ್ಟರಲ್ಲಿ ಮಲ್ಲಿಗೆ ತೆಳುವಾಗಿ ಮೈಗಂಟಿತ್ತು. ಸುಗಂಧರಾಜನೋ, ಮುಂದಿನ ಸೀಟಿನವನೂ ತಿರುಗಿ ನೋಡೋ ಹಾಗೆ ಮಾಡಿದ. ನನ್ನ ಓಟು ಅವನಿಗೇ.

ಆದರೆ ಸೀಸೆ ಕೊಂಡದ್ದು ಹರಿಹರದ ನಮ್ಮಕ್ಕನಿಗೆ. ಭಾವ ಹೋಗಿ ಒಂಬತ್ತು ವರ್ಷ. ಹೂ ಮುಡೀಬೇಡ ಅಂತ ಯಾರೂ ಅಂದಿಲ್ಲ, ಮುಡಿ ಅಂತಲೂ ಯಾರೂ ಅಂದಿಲ್ಲ. ಕಟ್ಟೋದನ್ನ ಮಾತ್ರ ಬಿಟ್ಟಿಲ್ಲ. ಶುಕ್ರವಾರ ಅಕ್ಕಪಕ್ಕದ ಮುತ್ತೈದೆಯರಿಗೆಲ್ಲ ಅವಳು ಕಟ್ಟಿದ ಮೊಳವೇ. ಕಟ್ಟಿ ಮುಗಿಸಿ, ಬೆರಳಿಗೆ ಹತ್ತಿದ ಘಮವನ್ನ ಸೋಪು ಹಾಕಿ ತೊಳೀತಾಳೆ.

ಸೀಸೆಗಳನ್ನ ಮುಂದಿಟ್ಟು, “ಹೆಸರಘಟ್ಟದ ತೋಟಗಾರಿಕೆ ಸಂಸ್ಥೆಯವರು ಸುತ್ತುಸುತ್ತು ಎಸಳಿನ ಸುಗಂಧರಾಜದ ತಳಿಗೆ ‘ಸುವಾಸಿನಿ’ ಅಂತ ಹೆಸರಿಟ್ಟಿದ್ದಾರೆ ಕಣೇ” ಅಂದೆ. ಸುವಾಸಿನಿ ಅಂದ್ರೆ ಮುತ್ತೈದೆಯೂ ಹೌದಲ್ಲ! ಅಕ್ಕ ನಕ್ಕಳು. “ಹೆಣದ ಮೇಲೆ ಹಾಕೋ ಹೂವೂ ಮುತ್ತೈದೆ ಆಯ್ತೇನೋ? ಇರ್ಲಿ, ಅದನ್ನ ನೀನೇ ಇಟ್ಕೋ.” ಮಲ್ಲಿಗೆ ಸೀಸೆ ತೆಗೆದು ಮುಂಗೈಗೆ ಒಂದು ಹನಿ ಹಚ್ಚಿ ಮೂಸಿದಳು. ಆಮೇಲೆ ಇನ್ನೊಂದು ಹನಿ, ಕಿವಿಯ ಹಿಂದೆ.

ಅಡಿಗೆಮನೆಯಿಂದ ಸೊಸೆ, “ಯಾರಿಗತ್ತೇ ಮಲ್ಲಿಗೆ ತಂದಿದ್ದು?” ಅಂತ ಕೂಗಿದಳು.

“ನನಗೇ ಕಣೇ,” ಅಂದಳು ಅಕ್ಕ.

ಆ ಸೀಸೆ ಈಗ ಕಾಲುಭಾಗಕ್ಕೆ ಬಂದಿದೆ. ಮುಂದಿನ ಉರುಸಿಗೆ ಬಾತಿಗೆ ಹೋಗೋರಿದ್ರೆ ನನಗೊಂದು ತನ್ನಿ ಮಹರಾಯರೇ. ಮಲ್ಲಿಗೆಯದು. ಸುಗಂಧರಾಜ ನನ್ನ ಹತ್ತಿರ ಬೇಕಾದಷ್ಟಿದೆ.